ಗಂಗವಾಡಿಯ ಪತನವೂ ನಮ್ಮ ಪಾಠವೂ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಎಲೆಕ್ಟ್ರಾನಿಕ್ ಸಿಟಿಯೆಂದು ಜಗತ್ತೆಲ್ಲ ಬಲ್ಲ ಉದ್ಯಮನಗರವಿದೆ. 1970ರ ದಶಕದ ಕೊನೆಯಲ್ಲಿ ರಾಜ್ಯದ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬೆರಡು ಹಳ್ಳಿಗಳ ಸುಮಾರು 330 ಎಕರೆ ನೆಲದಲ್ಲಿ ಅದಕ್ಕೆ ಅಡಿಪಾಯ ಹಾಕಿತು. ಅಲ್ಲಿಯ ಗಾಜಿನ ಮಾಳಿಗೆಗಳಲ್ಲಿ ದುಡಿಯುವ ಸಹಸ್ರಾರು ತರುಣರಲ್ಲಿ ದೊಡ್ಡತೋಗೂರೆಂಬ ಹೆಸರನ್ನು ಬಸ್ಸಿನ ಫಲಕದ ಮೇಲಲ್ಲದೆ ಬೇರೆಲ್ಲಿಯಾದರೂ ಕಂಡವರು ಎಷ್ಟು ಮಂದಿ ಇದ್ದಾರು? ಆದರೆ ಆ ಹೆಸರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕಲ್ಲಿನ ಮೇಲೆ ಕೆತ್ತಲ್ಪಟ್ಟಿದೆ. ಆ ಕಲ್ಲು ಅಲ್ಲಿಂದ ಕೂಗಳತೆಯಲ್ಲೆಂಬಂತಿರುವ ಬೇಗೂರಿನದು. ಅದು ಹೇಳುವ ಕಥೆಯು ಒಂದು ಅರಸೊತ್ತಿಗೆಯ ಮುಪ್ಪಿನ ಕಾಲದ ಕಥೆಯಾಗಿರುತ್ತದೆ. ಆ ಕಥೆಯನ್ನು ನಮ್ಮ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಬೇಗೂರಿಗೆ ಆಗ ಬೆಂಪೂರೆಂದು ಹೆಸರು. ಗಂಗವಂಶದ ದೊರೆ ಎರೆಯಪ್ಪನು ಗಂಗವಾಡಿ 96,000ವನ್ನು ಆಳುತ್ತಿದ್ದ ಕಾಲ. ಅವನು ನಾಗತ್ತರನೆಂಬ ನಾಯಕನನ್ನು ಅಯ್ಯಪದೇವನ ನೆರವಿಗೆಂದು ವೀರಮಹೇಂದ್ರನ ಮೇಲೆ ಕಳುಹಿದನು. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಆನೆಗಳಿಗೆ ಎದುರಾಗಿ ಕಾದಿ ಮಡಿದನು. ಸುದ್ದಿಯನ್ನು ಕೇಳಿದ ದೊರೆಯು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಕಟ್ಟನ್ನು ಅವನಿಗೆ ಬಿಟ್ಟುಕೊಟ್ಟನು. ಆ ಹಳ್ಳಿಗಳ ಪಟ್ಟಿಯಲ್ಲಿ ತೊವಗೂರು ಇದೆ, ಎಳ್ಕುಂಟೆ ಇದೆ, ಇಗ್ಗಲೂರು ಇದೆ. ತೊವಗೂರೇ ಇಂದಿನ ತೋಗೂರು. ಆನೆ ಕುದುರೆ ಕಾಲಾಳುಗಳ ಕಾಳಗವನ್ನು ಕಣ್ಣಿಗೆ ಕಟ್ಟುವಂತೆ ಕಡೆದಿರುವ ಆ ವೀರಗಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಬೇಗೂರಿನ ದೇವಾಲಯದ ಆವರಣದಲ್ಲಿಯೇ ಸುಮಾರು 890ರ ಮತ್ತೊಂದು ಕಲ್ಲು ನಿಂತಿದ್ದು, ನಾಗತ್ತರನ ಕಡೆಯವನಾದ ಬುಟ್ಟಣಸೆಟ್ಟಿಯು ಬೆಂಗಳೂರಿನ ಕಾಳಗದಲ್ಲಿ ಸತ್ತನೆಂದು ಅದು ಸಾರುತ್ತದೆ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಉಣಬಡಿಸಿದ್ದರಿಂದ ಬೆಂಗಳೂರೆಂಬ ಹೆಸರು ಬಂದಿತೆಂಬ ಕಟ್ಟುಕಥೆಯನ್ನು ಈ ಒಂದು ಕಲ್ಲೇ ಬುಡಮೇಲು ಮಾಡಿತು. ನಮ್ಮ ರಾಜಧಾನಿಯ ಹೆಸರು ಅಷ್ಟು ಹಿಂದೆಯೇ ದಾಖಲೆಯಲ್ಲಿ ಕಾಣಿಸುವುದು ಸಂತೆಯ ಲೆಕ್ಕದಲ್ಲಿ ಅಲ್ಲ, ದೇವರ ದತ್ತಿಯಲ್ಲಿಯೂ ಅಲ್ಲ. ಕಾದಿ ಸತ್ತವನೊಬ್ಬನ ಕಲ್ಲಿನಲ್ಲಿ!

ಈ ಕಲ್ಲುಗಳನ್ನು ನೆಟ್ಟು ನೂರು ಹದಿನೈದು ವರ್ಷಗಳು ತುಂಬುವುದರೊಳಗಾಗಿ, ಆರು ಶತಮಾನಗಳಿಗೂ ಮಿಕ್ಕಿ ಬಾಳಿದ್ದ ಗಂಗರ ಸಿಂಹಾಸನವು ಮಣ್ಣುಪಾಲಾಯಿತು. ಅದನ್ನು ಕೆಡವಿದವರು ಯಾರು? ಶಾಲೆಯ ಪುಸ್ತಕಗಳು ಒಂದೇ ವಾಕ್ಯದಲ್ಲಿ ಉತ್ತರ ಕೊಡುತ್ತವೆ: 1004ರ ಸುಮಾರಿಗೆ ಚೋಳರು ತಲಕಾಡನ್ನು ಗೆದ್ದರು. ಈ ಉತ್ತರವು ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಕೊನೆಯ ಪೆಟ್ಟು ಕೊಟ್ಟವನೊಬ್ಬನನ್ನೇ ಅಪರಾಧಿಯೆಂದು ಬಗೆದು ಕಡತವನ್ನು ಕಟ್ಟಿಡುವುದು ವಿಚಾರಣೆಯ ಕ್ರಮವಲ್ಲ. ಸತ್ತವನ ಮೈಯಲ್ಲಿ ಮೊದಲಿನಿಂದಲೂ ಇದ್ದ ಗಾಯಗಳಾವುವು, ಅವನ್ನು ಮಾಡಿದ ಕೈಗಳಾರವು ಎಂಬುದನ್ನು ಕೇಳಬೇಕು. ಹಾಗೆ ಕೇಳಿದರೆ ಬರುವ ಉತ್ತರವು ಕನ್ನಡಿಗರಾದ ನಮಗೆ ಹಿತವಾದುದಲ್ಲ. ಹಿತವಲ್ಲದ ಕಾರಣದಿಂದಲೇ ಅದನ್ನು ಹೇಳತಕ್ಕದ್ದು.

ಗಂಗರು ಸುಮಾರು 350ರಲ್ಲಿ ಕೋಲಾರದ ಕಡೆ ತಲೆಯೆತ್ತಿ, ಬಳಿಕ ಕಾವೇರಿಯ ದಡದ ತಲಕಾಡಿನಲ್ಲಿ ನೆಲೆಸಿದರು. ಎಂಟನೆಯ ಶತಮಾನದಲ್ಲಿ ಶ್ರೀಪುರುಷನು ತನ್ನ ಬೀಡನ್ನು ಮಾನ್ಯಪುರಕ್ಕೆ ತಂದನು. ಆ ಮಾನ್ಯಪುರವು ನೆಲಮಂಗಲ ತಾಲ್ಲೂಕಿನ ಮಣ್ಣೆ. ಪೀಣ್ಯದ ಕಾರ್ಖಾನೆಗಳ ನಡುವಿನಿಂದ ತುಮಕೂರಿನತ್ತ ಹೊರಟ ಲಾರಿಗಳು ನೆಲಮಂಗಲವನ್ನು ದಾಟಿ ಸಾಗುವಾಗ ಒಂದು ಕಾಲದ ರಾಜಧಾನಿಯ ಮಗ್ಗುಲನ್ನೇ ಹಾದುಹೋಗುತ್ತವೆ. ಶ್ರೀಪುರುಷನ ಕಾಲದ ಮತ್ತೊಂದು ಕಲ್ಲು, ಸುಮಾರು 750ರದು, ಪೀಣ್ಯಕ್ಕೆ ಪೂರ್ವದಲ್ಲಿರುವ ಹೆಬ್ಬಾಳದಲ್ಲಿ ಈಚಿನ ವರ್ಷಗಳಲ್ಲಿ ದೊರೆಯಿತು. ರಟ್ಟವಾಡಿಯವರು ಏರಿ ಬಂದಾಗ ಊರಿಗಾಗಿ ಕಾದಿ ಮಡಿದ ಕಿತ್ತಯ್ಯನೆಂಬವನನ್ನು ಅದು ನೆನೆಯುತ್ತದೆ. ರಟ್ಟವಾಡಿಯವರೆಂದರೆ ಯಾರು? ಅವರು ಪರದೇಶದವರಲ್ಲ. ಮುಂದೆ ಮಳಖೇಡದಲ್ಲಿ ಕನ್ನಡದ ಕೀರ್ತಿಯನ್ನು ಮುಗಿಲಿಗೇರಿಸಿದ ರಾಷ್ಟ್ರಕೂಟರೇ ಅವರು. 768ರಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣನು ಮಣ್ಣೆಯಲ್ಲಿಯೇ ಪಾಳೆಯ ಬಿಟ್ಟಿದ್ದನು. ಶ್ರೀಪುರುಷನ ಮಗ ಶಿವಮಾರನು, ಆನೆಗಳ ವಿಷಯವಾಗಿ ಕನ್ನಡದಲ್ಲಿ ಕೃತಿ ರಚಿಸಿದನೆಂದು ಹೆಸರಾದ ಪಂಡಿತ, ರಾಷ್ಟ್ರಕೂಟರ ಸೆರೆಯಲ್ಲಿ ವರ್ಷಗಟ್ಟಲೆ ಕೊಳೆತನು. ಕನ್ನಡದ ಎರಡು ಮನೆತನಗಳು ಹೀಗೆ ಎರಡು ಮೂರು ತಲೆಮಾರುಗಳ ಕಾಲ ಒಬ್ಬರನ್ನೊಬ್ಬರು ತಿಂದವು.

ಈ ಹಗೆತನಕ್ಕೆ ಕೊನೆ ಹಾಡಿದವನು ಅಮೋಘವರ್ಷ ನೃಪತುಂಗನು. ಗಂಗರನ್ನು ಕತ್ತಿಯಿಂದ ಮಣಿಸುವ ಯತ್ನಗಳೆಲ್ಲ ಸಾಲದಾದಾಗ, ಆ ದೀರ್ಘದರ್ಶಿಯು ತನ್ನ ಮಗಳು ಚಂದ್ರೊಬ್ಬಲಬ್ಬೆಯನ್ನು ಗಂಗರ ಬೂತುಗನಿಗೆ ಧಾರೆಯೆರೆದು ಕೊಟ್ಟನು. ಅವನ ಆಸ್ಥಾನದಲ್ಲಿಯೇ ಹುಟ್ಟಿದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯ ವರೆಗಿನದು ಕನ್ನಡನಾಡೆಂದು ಎಲ್ಲೆಯನ್ನು ಗುರುತಿಸಿತಷ್ಟೆ. ಆ ಎಲ್ಲೆಯ ಕಾವೇರಿಯ ತುದಿಯನ್ನು ಕಾಯುವವರು ಗಂಗರು, ಗೋದಾವರಿಯ ತುದಿಯನ್ನು ಕಾಯುವವರು ರಾಷ್ಟ್ರಕೂಟರು. ಇಬ್ಬರೂ ಬೀಗರಾದರೆ ನಾಡು ಒಂದೆಂಬ ಮಾತು ಪುಸ್ತಕದಿಂದ ನೆಲಕ್ಕಿಳಿಯುವುದು. ಈ ಒಗ್ಗಟ್ಟಿನ ಫಲವನ್ನು 949ರಲ್ಲಿ ತಕ್ಕೋಲದ ರಣರಂಗವು ತೋರಿಸಿತು. ಅರಕ್ಕೋಣದ ಬಳಿಯ ಆ ಬಯಲಿನಲ್ಲಿ ಮೂರನೆಯ ಕೃಷ್ಣನ ಪಕ್ಕದಲ್ಲಿ ನಿಂತು ಕಾದಿದ ಅವನ ಭಾವಮೈದುನ ಇಮ್ಮಡಿ ಬೂತುಗನು ಚೋಳ ಯುವರಾಜ ರಾಜಾದಿತ್ಯನನ್ನು ಆನೆಯ ಮೇಲೆಯೇ ಕೊಂದನು. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಆ ವಿಜಯವನ್ನೂ, ಅದರೊಡನೆ ಕಾಳಿಯೆಂಬ ಒಂದು ಬೇಟೆನಾಯಿಯ ವೀರಮರಣವನ್ನೂ ನೆನೆಯುತ್ತದೆ. ಬನವಾಸಿ 12,000, ಬೆಳ್ವೊಲ 300, ಪುಲಿಗೆರೆ 300 ಮೊದಲಾದ ನಾಡುಗಳು ಬೂತುಗನ ಕೈಸೇರಿದವು. ಚೋಳರು ಮತ್ತೆ ತಲೆಯೆತ್ತಲು ಒಂದು ತಲೆಮಾರಿಗೂ ಹೆಚ್ಚು ಕಾಲ ಹಿಡಿಯಿತು. ಕನ್ನಡದ ಎರಡು ತೋಳುಗಳು ಕೂಡಿದಾಗ ಏನಾಗುವುದೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಆದರೆ ಗೆಲುವಿನ ಆ ಗಳಿಗೆಯಲ್ಲಿಯೇ ರೋಗದ ಬೀಜವೂ ಇತ್ತು. ಬೂತುಗನು ಸಿಂಹಾಸನವನ್ನೇರಿದ್ದು ಒಡಹುಟ್ಟಿದ ರಾಚಮಲ್ಲನ ರಕ್ತವನ್ನು ತುಳಿದು. ಹಾಗೆ ಏರಿಸಿದ ಕೈ ಮೂರನೆಯ ಕೃಷ್ಣನದು. ಅಣ್ಣನನ್ನು ಕಳೆದು ಪಡೆದ ಪಟ್ಟವು ಇನ್ನೊಬ್ಬನ ಕೃಪೆಯಿಂದ ನಿಲ್ಲತಕ್ಕ ಪಟ್ಟವೇ ಸರಿ. ಅಂದಿನಿಂದ ಗಂಗರ ಸೇನೆಯು ಗಂಗವಾಡಿಯ ಸೇನೆಯಾಗಿ ಉಳಿಯದೆ ಚಕ್ರವರ್ತಿಯ ದಂಡಯಾತ್ರೆಗಳ ಮುಂಚೂಣಿಯಾಯಿತು. ಬೂತುಗನ ಮಗ ಮಾರಸಿಂಹನು ಗುರ್ಜರರ ಮೇಲೆ, ಮಾಳವದ ಮೇಲೆ ಎಂದು ಉತ್ತರದ ದೂರದೇಶಗಳಲ್ಲಿ ಕೃಷ್ಣನಿಗಾಗಿ ಕಾದಿದನು. ಬಿರುದುಗಳು ಬೆಳೆದವು, ಮನೆಯ ಬಾಗಿಲು ಮಾತ್ರ ತೆರೆದೇ ಇದ್ದಿತು.

ಆ ಬಾಗಿಲಿಗೆ ಒಂದು ಕದವಿತ್ತು. ಅದರ ಹೆಸರು ನೊಳಂಬವಾಡಿ 32,000. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ. ಇಂದಿನ ಚಿತ್ರದುರ್ಗ, ತುಮಕೂರು, ಕೋಲಾರಗಳ ಬಹುಭಾಗವೂ, ಅನಂತಪುರದ ಸೀಮೆಯೂ, ದಕ್ಷಿಣಕ್ಕೆ ಧರ್ಮಪುರಿಯ ಕಡೆಯ ನೆಲವೂ ಒಂದೊಂದು ಕಾಲಕ್ಕೆ ಅವರ ಕೈಯಲ್ಲಿದ್ದವು. ಅವರು ಶಾಸನ ಬರೆಯಿಸಿದ್ದು ಕನ್ನಡದಲ್ಲಿ. ಕಂಬಗಳಲ್ಲಿ, ಜಾಲಂಧ್ರಗಳಲ್ಲಿ ಅವರ ಶಿಲ್ಪಿಗಳು ತೋರಿದ ಕುಸುರಿಗೆ ಹೇಮಾವತಿ ಆವನಿಗಳು ಇಂದಿಗೂ ಸಾಕ್ಷಿ. ಭೂಪಟವನ್ನು ನೋಡಿದ ಯಾವ ವಿದ್ಯಾರ್ಥಿಗಾದರೂ ಅರಿವಾಗುವಂತೆ, ತೊಂಡೆನಾಡಿನಿಂದ ಘಟ್ಟವನ್ನೇರಿ ಬರುವ ದಂಡಿಗೂ ಗಂಗವಾಡಿಗೂ ನಡುವೆ ನಿಂತ ಗೋಡೆಯೇ ನೊಳಂಬವಾಡಿ. ಈ ಗೋಡೆಯೊಡನೆ ಗಂಗರು ಕೆಲವೊಮ್ಮೆ ಹೆಣ್ಣು ಕೊಟ್ಟು ತಂದು, ಕೆಲವೊಮ್ಮೆ ಕಾದಾಡಿ, ಹೇಗೋ ದಿನಗಳೆದಿದ್ದರು. ಮಾರಸಿಂಹನು ಆ ಗೋಡೆಯನ್ನೇ ಕೆಡವಿದನು. ಕೆಡವಿದ್ದಷ್ಟೇ ಅಲ್ಲ, ಕೆಡವಿದ್ದಕ್ಕೆ ಹೆಮ್ಮೆಪಟ್ಟು ನೊಳಂಬಕುಲಾಂತಕನೆಂದು ಬಿರುದು ಧರಿಸಿದನು. ನೆರೆಮನೆಯ ಕುಲವನ್ನು ಕೊನೆಗಾಣಿಸಿದೆನೆಂಬ ಹೆಗ್ಗಳಿಕೆ! ಆ ಬಿರುದನ್ನು ಕೆತ್ತಿದ ಉಳಿಯು ಗಂಗರ ಸಮಾಧಿಯ ಕಲ್ಲನ್ನೂ ಅದೇ ವೇಳೆಗೆ ಕೆತ್ತುತ್ತಿತ್ತೆಂದು ಅಂದಿನ ವಂದಿಮಾಗಧರಲ್ಲಿ ಯಾರಿಗೂ ತೋಚಲಿಲ್ಲ.

ಬಳಿಕ ಎಲ್ಲವೂ ಬಹು ಬೇಗನೆ ನಡೆದುಹೋಯಿತು. 972ರಲ್ಲಿ ಮಾಳವದ ಪರಮಾರ ಸೀಯಕನು ನುಗ್ಗಿ ಬಂದು ಮಳಖೇಡವನ್ನು ಸೂರೆ ಮಾಡಿದನು. ಮರುವರ್ಷ, 973ರಲ್ಲಿ, ರಾಷ್ಟ್ರಕೂಟರ ಸಾಮಂತನಾಗಿದ್ದ ಚಾಲುಕ್ಯ ತೈಲಪನು ತನ್ನ ಒಡೆಯ ಕರ್ಕನನ್ನು ಕೆಡವಿ ಸಾಮ್ರಾಜ್ಯವನ್ನು ತನ್ನದಾಗಿಸಿಕೊಂಡನು. ಮಾರಸಿಂಹನು ತನ್ನ ಸೋದರಳಿಯ ಇಂದ್ರನಿಗೆ ಪಟ್ಟ ಕಟ್ಟಿ ರಾಷ್ಟ್ರಕೂಟರ ಮುರಿದ ಮನೆಯನ್ನು ಎತ್ತಿ ನಿಲ್ಲಿಸಲು ಹೆಣಗಿದನು. ಆಗಲಿಲ್ಲ. ಕೊನೆಗೆ ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನ ವ್ರತವನ್ನು ಕೈಕೊಂಡು ದೇಹ ಬಿಟ್ಟನು. ಅವನ ಪರಾಕ್ರಮಗಳನ್ನೂ ಆ ಮರಣವನ್ನೂ ಹೇಳುವ ಕಂಬವು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿದೆ. ಇಂದ್ರನೂ 982ರಲ್ಲಿ ಶ್ರವಣಬೆಳಗೊಳದಲ್ಲಿಯೇ ಅದೇ ವ್ರತದಿಂದ ಕಣ್ಮುಚ್ಚಿದನು. ಇತ್ತ ಗಂಗವಾಡಿಯಲ್ಲಿ ಪಾಂಚಾಲದೇವನೆಂಬ ದಂಡನಾಯಕನು ತಾನೇ ದೊರೆಯೆಂದು ಎದ್ದನು. ತೈಲಪನು ಅವನನ್ನು ಮುಗಿಸಿದನು. ಇಲ್ಲಿ ವಾಚಕರು ಒಂದನ್ನು ಗಮನಿಸಬೇಕು. ರಾಷ್ಟ್ರಕೂಟನು ಕನ್ನಡಿಗ, ತೈಲಪನು ಕನ್ನಡಿಗ, ನೊಳಂಬನು ಕನ್ನಡಿಗ, ಗಂಗನು ಕನ್ನಡಿಗ. ನಾಲ್ವರು ಒಬ್ಬರನ್ನೊಬ್ಬರು ಬೀಳಿಸಿದ ಮೇಲೆ ಅಂಗಳವು ಬರಿದಾಯಿತು.

ಈ ಕತ್ತಲೆಯ ನಡುವೆ ಒಂದು ದೀಪವಿದ್ದಿತು. ಮಾರಸಿಂಹನಿಗೂ ಅವನ ಬಳಿಕ ಪಟ್ಟಕ್ಕೆ ಬಂದ ರಾಚಮಲ್ಲನಿಗೂ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ಮುರಿಯುತ್ತಿದ್ದ ತೊಲೆಗೆ ಹೆಗಲು ಕೊಟ್ಟು ನಿಂತನು. 978ರಲ್ಲಿ ತನ್ನ ಪುರಾಣವನ್ನು ಕನ್ನಡ ಗದ್ಯದಲ್ಲಿ ಬರೆದು ಮುಗಿಸಿದನು. 981ರ ಸುಮಾರಿಗೆ ಇಂದ್ರಗಿರಿಯ ನೆತ್ತಿಯಲ್ಲಿ ಸುಮಾರು 58 ಅಡಿಯ ಗೊಮ್ಮಟನನ್ನು ನಿಲ್ಲಿಸಿದನು. ರನ್ನನಂತಹ ಕವಿಗೆ ಆಶ್ರಯವಿತ್ತನು. ಲೋಕವೇ ಬೆರಗಾಗುವ ಆ ಮೂರ್ತಿಯು ಗಂಗರ ಏಳಿಗೆಯ ಕಾಲದ್ದೆಂದು ಹಲವರು ಭಾವಿಸಿರುವರು. ಅಲ್ಲ, ಅದು ಪತನಕ್ಕೆ ಇಪ್ಪತ್ತು ಮೂವತ್ತು ವರ್ಷಗಳಷ್ಟೇ ಉಳಿದಿದ್ದಾಗ ಎದ್ದದ್ದು. ಅಣ್ಣನನ್ನು ಯುದ್ಧದಲ್ಲಿ ಗೆದ್ದೂ, ಗೆಲುವಿಗೆ ನಾಚಿ, ರಾಜ್ಯವನ್ನು ಅವನಿಗೇ ಒಪ್ಪಿಸಿ ನಡೆದ ಬಾಹುಬಲಿಯ ವಿಗ್ರಹವನ್ನು, ಅಣ್ಣತಮ್ಮಂದಿರ ಕಲಹದಿಂದ ನಾಶವಾಗುತ್ತಿದ್ದ ರಾಜ್ಯದ ಮಂತ್ರಿಯೊಬ್ಬನು ಬೆಟ್ಟದ ಮೇಲೆ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದನೆಂಬುದು ಬರಿಯ ಆಕಸ್ಮಿಕವೋ, ಅಥವಾ ಆ ವೃದ್ಧ ರಾಜನೀತಿಜ್ಞನ ಕೊನೆಯ ಬುದ್ಧಿವಾದವೋ? ನಾವು ನಿರ್ಣಯಿಸಲಾರೆವು. ಆದರೆ ಬೆಟ್ಟವನ್ನು ಹತ್ತುವ ಪ್ರತಿಯೊಬ್ಬ ಕನ್ನಡಿಗನೂ ಈ ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಳ್ಳುವುದು ಒಳಿತು.

ಮಂತ್ರಿಯೊಬ್ಬನ ಸತ್ವದಿಂದ ಮನೆ ಎಷ್ಟು ಕಾಲ ನಿಂತೀತು? ರನ್ನನು ತೈಲಪನ ಆಸ್ಥಾನಕ್ಕೆ ಹೊರಟುಹೋದನು. ಕೊನೆಯ ದೊರೆ ರಕ್ಕಸಗಂಗನ ಕಾಲಕ್ಕೆ ತಂಜಾವೂರಿನಲ್ಲಿ ರಾಜರಾಜನು ಎದ್ದಿದ್ದನು. ಅವನ ಪ್ರಶಸ್ತಿಯು ಗೆದ್ದ ನಾಡುಗಳನ್ನು ಎಣಿಸುವಾಗ ಗಂಗಪಾಡಿಯನ್ನೂ ನುಳಂಬಪಾಡಿಯನ್ನೂ ಒಂದರ ಪಕ್ಕದಲ್ಲೊಂದನ್ನು ಇಡುತ್ತದೆ. ಬದುಕಿದ್ದಾಗ ಒಂದಾಗದ ಎರಡು ನೆರೆನಾಡುಗಳು ಗೆದ್ದವನ ಪಟ್ಟಿಯಲ್ಲಿ ಒಂದಾದವು! 1004ರ ಸುಮಾರಿಗೆ ತಲಕಾಡು ಬಿದ್ದಿತು. ತಲಕಾಡಿಗೆ ರಾಜರಾಜಪುರವೆಂದು ಹೊಸ ಹೆಸರಾಯಿತು. ಗಂಗವಾಡಿಯು ಮುಡಿಕೊಂಡಚೋಳಮಂಡಲವಾಯಿತು, ನೊಳಂಬವಾಡಿಯು ನಿಗರಿಲಿಚೋಳಮಂಡಲವಾಯಿತು. ಸೋತ ನಾಡು ಮೊದಲು ಕಳೆದುಕೊಳ್ಳುವುದು ತನ್ನ ಹೆಸರನ್ನು.

ಇದು ದೂರದ ತಲಕಾಡಿನ ಮಾತಷ್ಟೇ ಅಲ್ಲ. ವೈಟ್‌ಫೀಲ್ಡಿಗೆ ಹೋಗೋಣ. 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ನೆಲದಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಜನರ ವಸತಿಯಾಗಿ ಹುಟ್ಟಿದ ಆ ಊರಿಗೆ ಅವರ ಮುಂದಾಳು ವೈಟ್ ಎಂಬವರ ಹೆಸರು ನಿಂತಿತು. ಅದರ ಮಗ್ಗುಲಲ್ಲಿಯೇ ಕಾಡುಗೋಡಿ, ಪಟ್ಟಂದೂರುಗಳಿವೆ. ರಾಜೇಂದ್ರಚೋಳನ ಕಾಲದ, 1043ರದೆಂದು ಗೊತ್ತುಮಾಡಿರುವ ತಮಿಳು ಶಾಸನವೊಂದು ಕಾಡುಗೋಡಿಯಲ್ಲಿದೆ. ಪಟ್ಟಂದೂರಿನಲ್ಲಿ ಕೆರೆಯನ್ನು ಕಟ್ಟಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರ ಗುಡಿಗಳನ್ನು ಎತ್ತಿಸಿದ ನಾಯಕನ ಪುಣ್ಯಕಾರ್ಯವನ್ನು ಅದು ಹೇಳುತ್ತದೆ. ಆ ನಾಯಕನ ಹೆಸರು ರಾಜರಾಜವೇಳಾನ್. ಅವನ ತಂದೆಯ ಹೆಸರು ಪೆರ್ಮಾಡಿ ಗಾವುಂಡ. ಎರಡು ಹೆಸರುಗಳನ್ನೂ ಮತ್ತೊಮ್ಮೆ ಓದಬೇಕೆಂದು ವಾಚಕರನ್ನು ಬೇಡುತ್ತೇವೆ. ಪೆರ್ಮಾಡಿ ಎಂಬುದು ಪೆರ್ಮಾನಡಿಗಳೆಂಬ ಗಂಗದೊರೆಗಳ ಬಿರುದಿನಿಂದ ಬಂದ ಹೆಸರು. ಗಾವುಂಡನೆಂದರೆ ಅಚ್ಚಕನ್ನಡದ ಊರಗೌಡ. ಮಗನ ಹೆಸರೋ ಚೋಳಚಕ್ರವರ್ತಿಯದು. ನೂರಾರು ಪುಟಗಳ ಚರಿತ್ರೆಯು ಹೇಳಲಾರದ ಮಾತನ್ನು ಒಂದು ಮನೆಯ ಎರಡು ಹೆಸರುಗಳು ಹೇಳಿಬಿಟ್ಟಿವೆ. ಅಪ್ಪನಿಂದ ಮಗನಿಗೆ ಬರುವಷ್ಟರಲ್ಲಿ ನಾಡಿನ ಒಡೆತನವು ಬದಲಾಗಿತ್ತು.

ಇದರಿಂದ ತಮಿಳರ ಮೇಲೆ ದ್ವೇಷವನ್ನು ಬಿತ್ತುವುದು ನಮ್ಮ ಉದ್ದೇಶವೆಂದು ಯಾರೂ ತಿಳಿಯಲಾಗದು. ಕೆರೆಯನ್ನು ಕಟ್ಟಿದ ಕೈಗೆ ನಾವು ಕೃತಜ್ಞರು. ಅದು ಯಾವ ಭಾಷೆಯಲ್ಲಿ ಕಲ್ಲು ಬರೆಯಿಸಿದರೂ ನೀರು ಕುಡಿದವರು ಇದೇ ಮಣ್ಣಿನ ಮಕ್ಕಳು. ಕೋಲಾರದ ಕೋಲಾರಮ್ಮನ ಗುಡಿಯೂ, ಬೇಗೂರಿನಲ್ಲಿ ಗಂಗರ ನಾಗೇಶ್ವರನ ಮಗ್ಗುಲಲ್ಲೆದ್ದ ಚೋಳರ ಗುಡಿಗಳೂ ನಮ್ಮವೇ. ಚೋಳನು ತನ್ನ ರಾಜಧರ್ಮವನ್ನು ಮಾಡಿದನು. ತೆರೆದ ಬಾಗಿಲನ್ನು ಕಂಡು ಒಳಗೆ ಬಂದನು. ನಮ್ಮ ದೂರು ಬಾಗಿಲನ್ನು ತೆರೆದಿಟ್ಟವರ ಮೇಲೆ.

ಆ ಬಾಗಿಲನ್ನು ಮತ್ತೆ ಮುಚ್ಚಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. 1117ರ ವೇಳೆಗೆ ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಮರಳಿ ಗೆದ್ದು ತಲಕಾಡುಗೊಂಡನೆನಿಸಿಕೊಂಡನು. ಗೆದ್ದುಕೊಟ್ಟ ದಂಡನಾಯಕನು ಗಂಗರಾಜ. ಹೆಸರೇ ಹೇಳುವಂತೆ ಅವನು ತನ್ನನ್ನು ಹಳೆಯ ಗಂಗರ ಸಂತತಿಯೆಂದು ಎಣಿಸಿಕೊಂಡವನು. ಗೆದ್ದ ಮೇಲೆ ಅವನು ಸಿಂಹಾಸನವನ್ನು ಕೇಳಲಿಲ್ಲ. ಗಂಗವಾಡಿಯಲ್ಲಿ ಹಾಳುಬಿದ್ದಿದ್ದ ಬಸದಿಗಳನ್ನು ಎತ್ತಿ ನಿಲ್ಲಿಸಿದನು. ಗೊಮ್ಮಟನ ಸುತ್ತ ಸುತ್ತಾಲಯವನ್ನು ಕಟ್ಟಿಸಿದನು. ಅಳಿದ ಕುಲದ ಕುಡಿಯೊಂದು ಪಟ್ಟದ ಹಂಬಲವನ್ನು ಬಿಟ್ಟು ನಾಡಿನ ಕೆಲಸಕ್ಕೆ ನಿಂತಾಗ, ಅರಸರಿಂದ ಆಗದ ಕೆಲಸವು ಆಯಿತು.

ಹೀಗೆ ಸಾಕ್ಷ್ಯಗಳನ್ನೆಲ್ಲ ಪರಿಶೀಲಿಸಿದರೆ ಗಂಗರ ಪತನಕ್ಕೆ ಮೂರು ಕಾರಣಗಳು ಗೊತ್ತಾಗುತ್ತವೆ. ಸಿಂಹಾಸನವನ್ನು ಅಣ್ಣತಮ್ಮಂದಿರು ಹಂಚಿಕೊಳ್ಳಲಾರದೆ ಹೊರಗಿನ ಪ್ರಭುವನ್ನು ಪಂಚಾಯತಿಗೆ ಕರೆದದ್ದು ಮೊದಲನೆಯದು. ಆ ಪ್ರಭುವಿನ ಕೀರ್ತಿಗಾಗಿ ಸ್ವಂತ ನಾಡಿನ ಬಲವನ್ನು ದೂರದೇಶಗಳಲ್ಲಿ ಸುರಿದದ್ದು ಎರಡನೆಯದು. ಆಸರೆಯ ಮರವು ಬಿದ್ದಾಗ ಹಬ್ಬಿದ ಬಳ್ಳಿಯೂ ಬಿದ್ದಿತು. ಮೂರನೆಯದು, ಎಲ್ಲಕ್ಕಿಂತ ಘೋರವಾದದ್ದು, ನೆರೆಯ ಕನ್ನಡ ರಾಜ್ಯದ ಸೋಲನ್ನು ತನ್ನ ಲಾಭವೆಂದು ಬಗೆದದ್ದು.

ಹತ್ತನೆಯ ಶತಮಾನದ ಅರಸರಲ್ಲಿ ಇಂದಿನ ಏಕೀಕರಣದ ಭಾವನೆಯನ್ನು ಹುಡುಕುವುದು ಸರಿಯೇ ಎಂದು ಕೆಲವು ಪಂಡಿತರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ತಿರುಳಿಲ್ಲದಿಲ್ಲ. ಅಂದು ನಿಷ್ಠೆಯು ಒಡೆಯನಿಗೆ ಸಲ್ಲುತ್ತಿತ್ತು, ನುಡಿಗಲ್ಲ. ನಾಗತ್ತರನು ಸತ್ತದ್ದು ಎರೆಯಪ್ಪನ ಉಪ್ಪಿನ ಋಣಕ್ಕೆ. ಆದರೆ ನಾಡಿನ ಎಲ್ಲೆಯನ್ನು ಗುರುತಿಸುವ ಗ್ರಂಥವು ನೊಳಂಬಕುಲಾಂತಕನಿಗಿಂತ ನೂರು ವರ್ಷ ಮೊದಲೇ ಹುಟ್ಟಿತ್ತೆಂಬುದನ್ನು ಮರೆಯಲಾಗದು. ಕವಿಗೆ ಕಂಡ ನಾಡು ಅರಸನಿಗೆ ಕಾಣಲಿಲ್ಲ. ಅರಸರು ಅಂದು ಕಾಣದಿದ್ದುದನ್ನು ಕ್ಷಮಿಸಬಹುದು. ಪ್ರಜೆಗಳೇ ಪ್ರಭುಗಳಾಗಿರುವ ನಾವು ಇಂದು ಕಾಣದಿದ್ದರೆ ಕ್ಷಮಿಸುವವರಾರು?

ಕಾಣದೆ ಇದ್ದುದರ ಬೆಲೆಯನ್ನು ನಮ್ಮ ಹಿರಿಯರು ಎರಡನೆಯ ಬಾರಿ ತೆತ್ತರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಕನ್ನಡನಾಡು ಮೈಸೂರು, ಮದರಾಸು, ಮುಂಬಯಿ, ಹೈದರಾಬಾದು, ಕೊಡಗು ಎಂದು ಹಲವು ಆಡಳಿತಗಳ ನಡುವೆ ಹರಿದು ಹಂಚಿಹೋಯಿತು. ಒಂದೊಂದು ತುಂಡಿನಲ್ಲಿಯೂ ಕನ್ನಡಿಗನು ಇನ್ನೊಬ್ಬರ ಮನೆಯ ಕೊನೆಯ ಪಂಕ್ತಿಯಲ್ಲಿ ಕುಳಿತನು. 1890ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘವು ಹುಟ್ಟಿತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. 1917ರಲ್ಲಿ ಆಲೂರು ವೆಂಕಟರಾಯರು ನಾಡಿನ ಗತವೈಭವವನ್ನು ಬರೆದು ಮಲಗಿದ್ದವರನ್ನು ಎಬ್ಬಿಸಿದರು. 1924ರಲ್ಲಿ ಬೆಳಗಾವಿಯ ಕಾಂಗ್ರೆಸಿನ ಸಂದರ್ಭದಲ್ಲಿಯೇ ಏಕೀಕರಣ ಪರಿಷತ್ತು ಕೂಡಿತು. ಹೊರಗಿನ ಅಡ್ಡಿಗಳು ಹಾಗಿರಲಿ. ಏಕೀಕರಣವು ಕೈಗೆ ಬರುವ ಹೊತ್ತಿನಲ್ಲಿ ಹಳೆಯ ಮೈಸೂರಿನ ಹಲವು ಪ್ರಮುಖರೇ ಅಳುಕಿದರು. ನಮ್ಮ ಬೊಕ್ಕಸ, ನಮ್ಮ ವಿದ್ಯುತ್ತು, ನಮ್ಮ ಪದವಿಗಳನ್ನು ಬಡ ಬಂಧುಗಳೊಡನೆ ಏಕೆ ಹಂಚಿಕೊಳ್ಳಬೇಕೆಂದರು. ಅದು ನೊಳಂಬಕುಲಾಂತಕನ ಧ್ವನಿಯೇ ಅಲ್ಲವೆ? ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರಂತಹವರು ಆ ಧ್ವನಿಗೆ ಮಣಿಯದೆ ನಿಂತದ್ದರಿಂದ 1956ರ ನವೆಂಬರ್ 1ರಂದು ನಾಡು ಒಂದಾಯಿತು; 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಮರಳಿತು.

ಒಂದಾದ ಮನೆಯಲ್ಲಿ ಆ ಹಳೆಯ ಧ್ವನಿಯು ಅಡಗಿತೇ? ಉತ್ತರದ ಜಿಲ್ಲೆಗಳ ಬರವು ದಕ್ಷಿಣದವನಿಗೆ ಪತ್ರಿಕೆಯ ಒಳಪುಟದ ಸುದ್ದಿ. ಬೆಂಗಳೂರಿನ ಸಂಪತ್ತು ಉತ್ತರದವನಿಗೆ ಪರರ ಸೊತ್ತು. ಕಾಸರಗೋಡಿನ ಕನ್ನಡ ಶಾಲೆಯ ಅಳಲಾಗಲಿ, ಆಂಧ್ರದಲ್ಲುಳಿದ ಹೇಮಾವತಿ ಮಡಕಶಿರಗಳ ಕನ್ನಡಿಗರ ಮಾತಾಗಲಿ, ಅತ್ತಿಬೆಲೆಯ ಗಡಿಯಿಂದ ಕೂಗಿದರೆ ಕೇಳಿಸುವ ಹೊಸೂರಿನ ಕನ್ನಡ ಮನೆಗಳಾಗಲಿ ನಮ್ಮ ನೆನಪಿಗೆ ಬರುವುದು ನವೆಂಬರ್ ತಿಂಗಳಿನಲ್ಲಿ ಮಾತ್ರ. ನೊಳಂಬರ ರಾಜಧಾನಿಯು ಇಂದು ನಮ್ಮ ಎಲ್ಲೆಯ ಹೊರಗಿದೆಯೆಂಬುದು ಎಷ್ಟು ಮಂದಿ ಕನ್ನಡಿಗರಿಗೆ ಗೊತ್ತು?

ಹಾಗಾದರೆ ಮಾಡತಕ್ಕದ್ದೇನು? ಘೋಷಣೆಗಳು ನಮಗೆ ಬೇಕಿಲ್ಲ. ಕೈಗೆಟುಕುವ ಕೆಲಸ ಬೇಕು. ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ರೈಸ್ ಸಾಹೇಬರು 1905ರಲ್ಲಿಯೇ ಅಚ್ಚು ಹಾಕಿಸಿದರು. ಅದರಲ್ಲಿ ಎಣಿಸಲ್ಪಟ್ಟ ಕಲ್ಲುಗಳಲ್ಲಿ ಹಲವು ಬಡಾವಣೆಗಳ ತಳಪಾಯಕ್ಕೆ, ರಸ್ತೆಯ ಜಲ್ಲಿಗೆ ಬಲಿಯಾಗಿವೆ. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ಉಳಿದ ಕಲ್ಲುಗಳನ್ನು ಹುಡುಕಿ, ಯಂತ್ರದ ಕಣ್ಣಿನಿಂದ ಅಕ್ಷರ ಅಕ್ಷರವನ್ನೂ ಪಡಿಮೂಡಿಸ ಹೊರಟಿರುವುದು ಶ್ಲಾಘ್ಯವು. ಆದರೆ ಪಡಿಯಚ್ಚು ಇದ್ದರೆ ಸಾಲದು. ಕಲ್ಲು ತನ್ನ ಊರಿನಲ್ಲಿ ತನ್ನ ಜನರ ನಡುವೆ ನಿಲ್ಲಬೇಕು. ಹೊರವಲಯದ ಬಡಾವಣೆಗಳಿಗೆ ಅಪ್ಪಣೆ ಕೊಡುವ ಮುನ್ನ ಆ ನೆಲದಲ್ಲಿ ಶಾಸನವಾಗಲಿ ವೀರಗಲ್ಲಾಗಲಿ ಇದೆಯೇ ಎಂದು ಪರೀಕ್ಷಿಸುವುದನ್ನು ಸರಕಾರವು ಕಡ್ಡಾಯ ಮಾಡಬೇಕು. ಹೊಸ ಬಡಾವಣೆಗಳಿಗೆ ಪರದೇಶದ ತೋಟಗಳ ಹೆಸರಿಡುವುದನ್ನು ಬಿಟ್ಟು ಆ ಹಳ್ಳಿಯ ಹಳೆಯ ಹೆಸರನ್ನೇ ಉಳಿಸಬೇಕು. ರಾಜರಾಜಪುರವೆಂಬ ಹೆಸರನ್ನು ಚಕ್ರವರ್ತಿಯು ಹೇರಿದನು. ಇಂದು ಹೇರುವವರು ಮನೆ ಮಾರುವ ವರ್ತಕರು, ಒಪ್ಪುವವರು ನಾವು.

ಉಪಾಧ್ಯಾಯ ಮಿತ್ರರಲ್ಲಿ ನಮ್ಮದೊಂದು ವಿಶೇಷ ಬಿನ್ನಹವಿದೆ. ವರ್ಷಕ್ಕೊಂದು ದಿನ ಮಕ್ಕಳನ್ನು ಬೇಗೂರಿಗೆ, ಕಾಡುಗೋಡಿಗೆ, ಹೆಬ್ಬಾಳಕ್ಕೆ, ಮಣ್ಣೆಗೆ ಕರೆದೊಯ್ಯಿರಿ. ನಾಡಿನ ಬೇರೆ ಬೇರೆ ಮೂಲೆಗಳಿಂದ ಹೊಟ್ಟೆಪಾಡಿಗೆ ಬಂದು ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವವರ ಮಕ್ಕಳೂ ಆ ಸಾಲಿನಲ್ಲಿರಲಿ. ಮನೆಯಲ್ಲಿ ಬೇರೆ ನುಡಿಯನ್ನಾಡುವ ಮಕ್ಕಳೂ ಇರಲಿ. ಪಟ್ಟಂದೂರಿನ ಕೆರೆಯ ಕಥೆಯನ್ನು ಕೇಳಿದ ತಮಿಳು ಬಾಲಕನಿಗೆ ಈ ನೆಲವು ತನಗೆ ಪರಕೀಯವಲ್ಲವೆಂದು ತಿಳಿಯುವುದು. ಪೆರ್ಮಾಡಿ ಗಾವುಂಡನ ಹೆಸರನ್ನು ಕೇಳಿದ ಕನ್ನಡ ಬಾಲಕನಿಗೆ ತನ್ನ ಹೊಣೆಯು ತಿಳಿಯುವುದು. ಗಂಗರ ಕೋಟೆಗಳು ಇಂದಿಲ್ಲ. ತಲಕಾಡಿನ ಗುಡಿಗಳು ಮರಳಿನಲ್ಲಿ ಹೂತುಹೋಗಿದ್ದವು. ಉಳಿದದ್ದು ಗಂಗಡಿಕಾರರೆಂದು ಕರೆದುಕೊಳ್ಳುವ ಒಕ್ಕಲುಮಕ್ಕಳ ಕುಲದ ಹೆಸರಿನಲ್ಲಿ, ತೋಗೂರು ಇಗ್ಗಲೂರುಗಳಂತಹ ಹಳ್ಳಿಗಳ ಹೆಸರಿನಲ್ಲಿ. ಅರಸರು ಕಳೆದದ್ದನ್ನು ಒಕ್ಕಲುಗಳು ಉಳಿಸಿದರು.

ನಾಗತ್ತರನು ತನ್ನ ಒಡೆಯನ ಮಾತಿಗಾಗಿ ಆನೆಗೆ ಎದೆಗೊಟ್ಟನು. ನಮ್ಮನ್ನು ಯಾರೂ ಆನೆಯ ಮುಂದೆ ನಿಲ್ಲೆಂದು ಕೇಳುತ್ತಿಲ್ಲ. ನೆರೆಯ ಕನ್ನಡಿಗನ ನಷ್ಟವನ್ನು ನಮ್ಮ ಲಾಭವೆಂದು ಎಣಿಸಬೇಡಿರೆಂದಷ್ಟೇ ಚರಿತ್ರೆಯು ಕೇಳುತ್ತಿದೆ. ಅಷ್ಟನ್ನೂ ನಾವು ಕೊಡಲಾರೆವಾದರೆ ಬೇಗೂರಿನ ಕಲ್ಲಿನ ಮುಂದೆ ನಿಲ್ಲಲು ನಮಗೇನು ಅಧಿಕಾರ?